ಯಾಲದಲ್ಲಿ ಇಡೀ ಜೀಪು ಹಿಡಿಯುವ ಮುನ್ನ

ಕಬಿನಿ, ನಾಗರಹೊಳೆ ಸುತ್ತಿ ಅಭ್ಯಾಸವಿರುವವರಿಗೆ ಶ್ರೀಲಂಕಾದ ಯಾಲ ಅಭಯಾರಣ್ಯ ಗೊಂದಲ ಹುಟ್ಟಿಸುವುದು ಪ್ರಾಣಿಗಳ ವಿಷಯದಲ್ಲಲ್ಲ, ಜೀಪಿನ ವಿಷಯದಲ್ಲಿ. ನಮ್ಮಲ್ಲಿ ಕಾಡಿನೊಳಗೆ ಓಡುವ ಗಾಡಿ ಅರಣ್ಯ ಇಲಾಖೆಯದ್ದೋ ಜಂಗಲ್ ಲಾಡ್ಜಸ್‌ನವರದ್ದೋ ಆಗಿರುತ್ತದೆ. ಸಾಮಾನ್ಯವಾಗಿ ಸೀಟಿನ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ. ಕಬಿನಿಯಲ್ಲಾದರೆ ಎ ವಲಯವೋ ಬಿ ವಲಯವೋ ಎಂಬುದು ಹೊರಡುವ ಮೊದಲೇ ತೀರ್ಮಾನವಾಗಿರುತ್ತದೆ. ಯಾಲದಲ್ಲಿ ಹಾಗಿಲ್ಲ. ಜೀಪು ತಿಸ್ಸಮಹಾರಾಮ, ಕತರಗಾಮದಂಥ ಊರುಗಳ ಜನರದ್ದು. ಅದನ್ನು ಇಡಿಯಾಗಿ ಬಾಡಿಗೆಗೆ ಹಿಡಿಯಬಹುದು, ಒಳಗೆ ಹೋದ ಮೇಲೆ ಯಾವ ದಾರಿ ಹಿಡಿಯಬೇಕೆಂಬುದು ಚಾಲಕನಿಗೆ ಬಿಟ್ಟದ್ದು. ಕೇಳಲು ಇದು ಸ್ವರ್ಗ. ಆದರೆ ಒಳಗಿರುವ ನೂರಾರು ಜೀಪುಗಳಿಗೂ ಅದೇ ಸ್ವಾತಂತ್ರ್ಯವಿದೆ, ಎಲ್ಲರಿಗೂ ಬೇಕಿರುವುದು ಅದೇ ಒಂದು ಚಿರತೆ.

ಹಾಗಾಗಿ ಜೀಪು ಪೂರ್ತಿ ನಮ್ಮದೇ ಆಗಿರುವುದರ ಲಾಭ ಕಾಲು ಚಾಚಿ ಕೂರುವುದರಲ್ಲಿಲ್ಲ. ಎಲ್ಲರೂ ಓಡುತ್ತಿರುವ ಕಡೆಗೆ ಓಡದೆ, ಒಂದು ಕೆರೆಯಂಚಿನಲ್ಲಿ ಎಂಜಿನ್ ಆರಿಸಿ ಅರ್ಧ ಗಂಟೆ ನಿಲ್ಲಿಸಿ ಎಂದು ಹೇಳುವ ಹಕ್ಕು ಸಿಗುತ್ತದಲ್ಲ, ಅದರಲ್ಲಿದೆ. ಹಂಚಿಕೊಂಡ ಜೀಪಿನಲ್ಲಿ ಆರು ಜನರಿಗೆ ಆರು ಆಸೆ, ಅಲ್ಲಿ ಈ ಮಾತು ನಡೆಯುವುದಿಲ್ಲ. ಆ ಹಕ್ಕನ್ನು ಬಳಸುವ ಮನಸ್ಸಿಲ್ಲದವರು ಹಂಚಿಕೆಯ ಸೀಟೇ ಹಿಡಿಯುವುದು ಜಾಣತನ, ದುಡ್ಡಾದರೂ ಉಳಿಯುತ್ತದೆ.

ಯಾಲ ಇರುವುದು ದ್ವೀಪದ ಆಗ್ನೇಯ ಮೂಲೆಯಲ್ಲಿ, ಸಮುದ್ರಕ್ಕೆ ತಗುಲಿಕೊಂಡು. 1900ರಲ್ಲಿ ಅಭಯಾರಣ್ಯವಾಗಿ, 1938ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾಯಿತು. ಒಟ್ಟು ವಿಸ್ತೀರ್ಣ 979 ಚದರ ಕಿಲೋಮೀಟರು, ಆದರೆ ಪ್ರವಾಸಿಗರಲ್ಲಿ ಬಹುಪಾಲು ಸುತ್ತುವುದು ಸುಮಾರು 140 ಚದರ ಕಿಲೋಮೀಟರಿನ, ಒಂದನೇ ಬ್ಲಾಕ್ ಎಂದು ಕರೆಯುವ ಭಾಗದಲ್ಲಿ ಮಾತ್ರ. ಚಿರತೆಗಳ ದಟ್ಟಣೆಗೆ ಜಗತ್ತಿನಲ್ಲೇ ಹೆಸರಾದ ಜಾಗ ಅದು. ಹೆಸರೇ ಅದರ ಕಷ್ಟವೂ ಹೌದು. ಕೊಲಂಬೊದಿಂದ ದಕ್ಷಿಣದ ಎಕ್ಸ್‌ಪ್ರೆಸ್‌ವೇ 2020ರಲ್ಲಿ ಹಂಬನ್‌ತೋಟದವರೆಗೆ ಮುಗಿದ ಮೇಲೆ ತಿಸ್ಸಮಹಾರಾಮಕ್ಕೆ ನಾಲ್ಕೈದು ಗಂಟೆಯಲ್ಲಿ ತಲುಪಬಹುದು. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ, ಒಂದೂವರೆ ಗಂಟೆ ಹಾರಾಟ. ಗಡಿಯಾರ ತಿರುಗಿಸುವ ಕೆಲಸವೂ ಇಲ್ಲ.

ಹೋಗುವ ತಿಂಗಳನ್ನು ಮಳೆ ನೋಡಿ ಆರಿಸಬೇಕು. ದ್ವೀಪದ ಈ ಮೂಲೆ ಒಣ ವಲಯ. ನವೆಂಬರಿನಿಂದ ಜನವರಿವರೆಗೆ ಈಶಾನ್ಯ ಮಳೆಗಾಲದಲ್ಲಿ ಮಳೆ ಸುರಿಯುತ್ತದೆ. ಫೆಬ್ರವರಿ ಹೊತ್ತಿಗೆ ಕಾಡು ಹಸಿರಾಗಿ, ಕೆರೆ ತುಂಬಿರುತ್ತದೆ. ನಮ್ಮ ಕರಾವಳಿಯಲ್ಲಿ ಜಡಿಮಳೆ ಹೊಡೆಯುವ ಜೂನ್, ಜುಲೈ ಅಲ್ಲಿ ಬಿಸಿಲುಗಾಲ. ನೀರು ಕಡಿಮೆಯಾದಷ್ಟೂ ಪ್ರಾಣಿಗಳು ಉಳಿದ ಹೊಂಡಗಳಿಗೇ ಬರಬೇಕಾಗುವುದರಿಂದ ಕಾಯುವವರಿಗೆ ಇದು ಒಳ್ಳೆಯ ಕಾಲ. ಸೆಪ್ಟೆಂಬರ್ ಮೊದಲಿನಿಂದ ಅಕ್ಟೋಬರ್ ನಡುವಿನವರೆಗೆ ಬರಗಾಲದ ಕಾರಣಕ್ಕೆ ಒಂದನೇ ಬ್ಲಾಕನ್ನು ಸಾಮಾನ್ಯವಾಗಿ ಮುಚ್ಚುತ್ತಾರೆ. ದಸರಾ ರಜೆಗೆಂದು ಟಿಕೆಟ್ ತೆಗೆಯುವ ಕನ್ನಡಿಗರು ಸಿಕ್ಕಿಬೀಳುವುದು ಇಲ್ಲೇ. ಕೆಲವು ಏಜೆಂಟರು ಆಗಲೂ ‘ಯಾಲ ಸಫಾರಿ’ ಎಂದೇ ಮಾರುತ್ತಾರೆ, ಕರೆದೊಯ್ಯುವುದು ಬೇರೆ ಬ್ಲಾಕಿಗೆ. ಯಾವ ಬ್ಲಾಕು, ಯಾವ ಗೇಟು ಎಂದು ಬರಹದಲ್ಲಿ ಕೇಳಿ ಪಡೆಯಿರಿ. ವಾರಾಂತ್ಯ ಮತ್ತು ಪೋಯ, ಅಂದರೆ ಹುಣ್ಣಿಮೆಯ ರಜೆ, ಎರಡನ್ನೂ ತಪ್ಪಿಸಿ. ಪ್ರತಿ ಹುಣ್ಣಿಮೆಗೂ ಅಲ್ಲಿ ಸರ್ಕಾರಿ ರಜೆ, ಊರಿನವರೇ ಸಂಸಾರ ಸಮೇತ ಕಾಡಿಗೆ ಬರುತ್ತಾರೆ. ಜುಲೈ ಆಸುಪಾಸಿನಲ್ಲಿ ಕತರಗಾಮದ ಸ್ಕಂದನ ಉತ್ಸವ. ಜಾಫ್ನಾದಿಂದ ನಡೆದು ಬರುವ ಯಾತ್ರಿಕರಿಗಾಗಿ ಪೂರ್ವದ ಕುಮನ, ಯಾಲ ಕಾಡಿನ ಹಾದಿಯನ್ನು ಆಗ ಕೆಲವು ದಿನ ತೆರೆಯುತ್ತಾರೆ. ಕುಕ್ಕೆ ಸುಬ್ರಹ್ಮಣ್ಯಕ್ಕೆ ನಡೆದುಕೊಳ್ಳುವ ಮನೆಯವರಿಗೆ ಕತರಗಾಮವೂ ಪ್ರವಾಸದ ಪಟ್ಟಿಯಲ್ಲಿರುತ್ತದೆ. ಎರಡನ್ನೂ ಒಟ್ಟಿಗೆ ಮಾಡುವವರು ಉತ್ಸವದ ವಾರ ಬಿಟ್ಟು ಬಂದರೆ ದೇವರೂ ಕಾಡೂ ಸಮಾಧಾನದಲ್ಲಿ ಸಿಗುತ್ತವೆ.

ಇನ್ನು ಗಾಡಿ. ಎಲ್ಲರೂ ಜೀಪು ಅನ್ನುತ್ತಾರಾದರೂ ಬಹುಪಾಲು ಮಾರ್ಪಡಿಸಿದ ಪಿಕಪ್‌ಗಳೇ. ಟೊಯೊಟಾ ಹೈಲಕ್ಸ್, ಮಿತ್ಸುಬಿಷಿ, ನಮ್ಮ ಮಹೀಂದ್ರ ಬೊಲೆರೊ, ಟಾಟಾ ಗಾಡಿಗಳೂ ಕಾಣುತ್ತವೆ. ಹಿಂದಿನ ಸಾಮಾನು ತೊಟ್ಟಿಯಲ್ಲಿ ಕಬ್ಬಿಣದ ಚೌಕಟ್ಟು ಕಟ್ಟಿ, ಮೂರು ಸಾಲಿನಲ್ಲಿ ಎರಡೆರಡು ಸೀಟು ಹಾಕಿ, ಮೇಲೊಂದು ಚಾವಣಿ ಹೊದಿಸಿರುತ್ತಾರೆ. ಬದಿಗಳು ತೆರೆದಿರುತ್ತವೆ. ಪಿಕಪ್ಪಿನ ಹಿಂದಿನ ಪಟ್ಟೆ ಸ್ಪ್ರಿಂಗುಗಳು ಭಾರ ಹೊರಲೆಂದೇ ಮಾಡಿದವು. ಭಾರ ಕಡಿಮೆಯಿದ್ದಷ್ಟೂ ಅವು ಬಗ್ಗುವುದಿಲ್ಲ, ಗುಂಡಿಯ ಪೆಟ್ಟು ನೇರ ಬೆನ್ನೆಲುಬಿಗೆ. ಇಬ್ಬರೇ ಇಡೀ ಜೀಪು ಹಿಡಿದವರು ಆರು ಜನರಿಗಿಂತ ಹೆಚ್ಚು ಕುಲುಕಾಡುವುದು ಈ ಕಾರಣಕ್ಕೆ. ಕೊನೆಯ ಸಾಲು ಎತ್ತರದಲ್ಲಿದ್ದು ನೋಟ ಚೆನ್ನಾಗಿರುತ್ತದೆಂದು ಜನ ಅಲ್ಲಿಗೇ ಏರುತ್ತಾರೆ. ಆದರೆ ಅದು ಹಿಂದಿನ ಅಚ್ಚಿನ ಮೇಲೋ ಅದರಾಚೆಗೋ ಬರುವುದರಿಂದ ಎತ್ತಿ ಎತ್ತಿ ಒಗೆಯುತ್ತದೆ, ಜೊತೆಗೆ ಹಿಂದಿನಿಂದ ಸುತ್ತಿಕೊಂಡು ಬರುವ ಕೆಂಪು ಧೂಳೂ ಅಲ್ಲೇ. ಬೆನ್ನು ನೋವಿರುವವರಿಗೆ, ವಯಸ್ಸಾದವರಿಗೆ ನಡುವಿನ ಸಾಲು ಸರಿ. ಬಸುರಿಯರಿಗೆ ಈ ದಾರಿ ಬೇಡವೇ ಬೇಡ.

ಬುಕ್ ಮಾಡುವಾಗ ಹೇಳುವ ದರದಲ್ಲಿ ಏನೇನು ಸೇರಿದೆ ಎಂದು ಬಿಡಿಸಿ ಕೇಳಬೇಕು. ಜೀಪಿನ ಬಾಡಿಗೆ ಬೇರೆ, ವನ್ಯಜೀವಿ ಇಲಾಖೆಗೆ ಕಟ್ಟುವುದು ಬೇರೆ. ಇಲಾಖೆಯ ಚೀಟಿಯಲ್ಲಿ ತಲೆಗಿಷ್ಟು ಪ್ರವೇಶ ಶುಲ್ಕ, ಗುಂಪಿಗೊಂದು ಸೇವಾ ಶುಲ್ಕ, ಗಾಡಿಗೊಂದು ಶುಲ್ಕ, ಇವೆಲ್ಲದರ ಮೇಲೆ ವ್ಯಾಟ್ ತೆರಿಗೆ ಇರುತ್ತದೆ. ಆ ತೆರಿಗೆ 2024ರ ಜನವರಿಯಿಂದ ಶೇಕಡಾ 18. ಗುಂಪಿನ ಮತ್ತು ಗಾಡಿಯ ಶುಲ್ಕ ಒಬ್ಬರಿದ್ದರೂ ಆರು ಜನರಿದ್ದರೂ ಅಷ್ಟೇ ಆದ್ದರಿಂದ, ಇಬ್ಬರಿಗೆ ತಲಾ ಖರ್ಚು ಎದ್ದು ಕಾಣುವಷ್ಟು ಹೆಚ್ಚು. ನಾಲ್ವರಾದರೆ ಖರ್ಚಿಗೂ ಕುಲುಕಾಟಕ್ಕೂ ಹದ. ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಇತರ ವಿದೇಶಿಯರಿಗಿಂತ ಕಡಿಮೆ ದರವಿರುತ್ತದೆ. ಅದು ಸಿಗಬೇಕಾದರೆ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಹೋಟೆಲಿನ ಲಾಕರಿನಲ್ಲಿಟ್ಟು ಬಂದು ಪೂರ್ತಿ ದರ ಕಟ್ಟುವವರು ಕಡಿಮೆಯೇನಿಲ್ಲ. ಭಾರತದ ಯುಪಿಐ 2024ರ ಫೆಬ್ರವರಿಯಿಂದ ಶ್ರೀಲಂಕಾದ ಅಂಗಡಿಗಳಿಗೆ ಬಂದಿದೆ, ಆದರೆ ಜೀಪಿನವರಿಗೆ ಅಲ್ಲಿನ ರೂಪಾಯಿ ನಗದಾಗಿ ಕೊಡುವ ಲೆಕ್ಕದಲ್ಲೇ ಹೋಗಿ.

ಅರ್ಧ ದಿನವೋ ಪೂರ್ತಿ ದಿನವೋ ಎಂಬ ಪ್ರಶ್ನೆಗೆ ನಮ್ಮ ಉತ್ತರ ನೇರ: ಇಡೀ ಜೀಪು ಹಿಡಿಯುವುದಾದರೆ ಪೂರ್ತಿ ದಿನ. ಗೇಟು ಬೆಳಗ್ಗೆ ಆರಕ್ಕೆ ತೆರೆದು ಸಂಜೆ ಆರಕ್ಕೆ ಮುಚ್ಚುತ್ತದೆ. ಬೆಳಗಿನ ಅರ್ಧ ದಿನದವರು ಹತ್ತು ಗಂಟೆ ಸುಮಾರಿಗೆ ಹೊರಬೀಳುತ್ತಾರೆ, ಮಧ್ಯಾಹ್ನದವರು ಎರಡರ ಮೇಲೆ ಬರುತ್ತಾರೆ. ನಡುವಿನ ನಾಲ್ಕು ಗಂಟೆ ಕಾಡು ಖಾಲಿ. ಬಿಸಿಲಿರುತ್ತದೆ ನಿಜ, ಚಿರತೆ ನೆರಳಲ್ಲಿ ಮಲಗಿರುತ್ತದೆ, ಅದೂ ನಿಜ. ಆದರೆ ಆನೆ, ಎಮ್ಮೆ, ಜಿಂಕೆಗಳು ನೀರಿಗೆ ಬರುವ ಹೊತ್ತು ಇದೇ. ಬಾಯಾರಿದ ಚಿರತೆಯೂ ಒಮ್ಮೊಮ್ಮೆ ಯಾರ ಕಣ್ಣಿಗೂ ಬೀಳದೆ ನೀರಿಗಿಳಿಯುವುದು ಆಗಲೇ. ಊಟಕ್ಕೆ ಪಟನಂಗಲದ ಕಡಲತೀರದಲ್ಲೋ ಮೆಣಿಕ್ ಗಂಗಾ ಹೊಳೆಯ ದಡದಲ್ಲೋ ಇಳಿಯಬಹುದು. ಹೀಗೆ ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಜೀಪಿನಿಂದ ಕೆಳಗೆ ಕಾಲಿಡುವಂತಿಲ್ಲ. ಗೇಟಿನ ಬಳಿ ಶೌಚಾಲಯ ಬಳಸಿಕೊಂಡೇ ಒಳಗೆ ಹೋಗಿ, ಆಮೇಲೆ ಕೇಳಿದಾಗ ಸಿಗುವಂಥದ್ದಲ್ಲ. ಪಟನಂಗಲದಲ್ಲಿದ್ದ ಬಂಗಲೆಯನ್ನು 2004ರ ಡಿಸೆಂಬರ್ 26ರ ಸುನಾಮಿ ಎಳೆದೊಯ್ದಿತು. ಅದರ ಅಡಿಪಾಯವೂ, ಸತ್ತವರ ನೆನಪಿಗೆ ನಿಲ್ಲಿಸಿದ ಸ್ಮಾರಕವೂ ಅಲ್ಲಿವೆ. ಪೊಟ್ಟಣ ಬಿಚ್ಚಿ ಕೂರುವ ಮೊದಲು ಆ ಕಡೆ ಒಮ್ಮೆ ಹೋಗಿಬರುವುದು ಮರ್ಯಾದೆ.

ಆರಕ್ಕೆ ಗೇಟು ದಾಟಬೇಕಾದರೆ ತಿಸ್ಸದಿಂದ, ಅಂದರೆ ತಿಸ್ಸಮಹಾರಾಮದಿಂದ, ನಾಲ್ಕೂವರೆಗೆ ಹೊರಡಬೇಕು. ಪಲಟುಪಾನ ಗೇಟಿಗೆ ಸುಮಾರು ಮುಕ್ಕಾಲು ಗಂಟೆ, ಅದರ ಮೇಲೆ ಟಿಕೆಟ್ಟಿನ ಸಾಲು. ಕತರಗಾಮದ ಕಡೆಯ ಕಟಗಮುವ ಗೇಟಿನಲ್ಲಿ ಗದ್ದಲ ಕಡಿಮೆ. ಕಡಲಂಚಿನ ಬಯಲು, ಹಿನ್ನೀರು, ಬಂಡೆ ನೋಡಲು ಪಲಟುಪಾನ ಹತ್ತಿರ, ಒಳಗಿನ ಕುರುಚಲು ಕಾಡು ಬೇಕಿದ್ದವರಿಗೆ ಕಟಗಮುವ. ಯಾವುದರಿಂದ ಒಳಹೊಕ್ಕರೂ ಇಲಾಖೆಯ ಕಾಡುಬಲ್ಲ ಟ್ರ್ಯಾಕರ್ ಒಬ್ಬನನ್ನು ಜೊತೆಗೆ ಕೇಳಿ ಪಡೆಯಿರಿ. ಜೀಪುಗಳ ಸಂಖ್ಯೆ ಏರಿದ ಮೇಲೆ ಎಲ್ಲರಿಗೂ ಸಿಗುವುದಿಲ್ಲ, ಬೇಗ ಬಂದವರಿಗೆ ಅವಕಾಶ ಹೆಚ್ಚು. ಚಾಲಕನ ಕಣ್ಣು ದಾರಿಯ ಮೇಲೂ ಇರಬೇಕು, ಮೊಬೈಲಿನ ಮೇಲೂ ಇರುತ್ತದೆ. ಟ್ರ್ಯಾಕರನ ಕಣ್ಣಿಗೆ ಕಾಡೊಂದೇ ಕೆಲಸ.

ಮೊಬೈಲಿನ ಮಾತು ಬಂತಲ್ಲ, ಯಾಲದ ರೋಗದ ಬೇರು ಅದೇ. ಒಬ್ಬ ಚಾಲಕನಿಗೆ ಬಂಡೆಯ ಮೇಲೆ ಚಿರತೆ ಕಂಡರೆ ಫೋನಿನ ಮೇಲೆ ಫೋನು. ಹತ್ತು ನಿಮಿಷದಲ್ಲಿ ನಲವತ್ತು ಜೀಪು ಅಲ್ಲಿರುತ್ತವೆ. ಒಂದೇ ಗಾಡಿ ಹೋಗುವಷ್ಟು ಅಗಲದ ದಾರಿ, ಮುಂದಿನವನು ಕದಲುವುದಿಲ್ಲ, ಹಿಂದಿನವನು ತಿರುಗಿಸುವಂತಿಲ್ಲ. ಎಲ್ಲ ಎಂಜಿನ್‌ಗಳೂ ಉರಿಯುತ್ತಿರುತ್ತವೆ, ಡೀಸೆಲ್ ಹೊಗೆ. ನಡುವೆ ಸಿಕ್ಕ ಜೀಪಿನಲ್ಲಿ ಕೂತವರಿಗೆ ಕಾಣುವುದು ಮುಂದಿನ ಜೀಪಿನವರ ಬೆನ್ನು. ವೇಪಂದೆನಿಯ, ಜಂಬುರಗಲ ಬಂಡೆಗಳ ಸುತ್ತ ಇದು ಮಾಮೂಲು ನೋಟ. ಚಾಲಕರನ್ನು ಬೈದು ಪ್ರಯೋಜನವಿಲ್ಲ. ಚಿರತೆ ತೋರಿಸಿದರೆ ದೊಡ್ಡ ಟಿಪ್ಸು, ತೋರಿಸದಿದ್ದರೆ ಮುಖ ಗಂಟಿಕ್ಕಿದ ಗಿರಾಕಿ, ಮೇಲೆ ಇಂಟರ್‌ನೆಟ್ಟಿನಲ್ಲಿ ಒಂದು ಕೆಟ್ಟ ವಿಮರ್ಶೆ. ಆ ಲೆಕ್ಕಾಚಾರವೇ ಅವರನ್ನು ಓಡಿಸುತ್ತದೆ. ಒಳಗೆ ಗಂಟೆಗೆ 25 ಕಿಲೋಮೀಟರಿನ ಮಿತಿಯಿದ್ದರೂ ಫೋನು ಬಂದ ಗಾಡಿ ಆ ಮಿತಿಯನ್ನು ಲೆಕ್ಕಕ್ಕಿಡುವುದಿಲ್ಲ. ತಿರುವಿನಲ್ಲಿ ದಾಟುವ ಕಾಡುಹಂದಿ, ಮೊಲ, ಉಡ ಸಾಯುವುದು ಹೀಗೆ.

ಆದ್ದರಿಂದ ಮಾತು ಹಿಂದಿನ ಸಂಜೆಯೇ ಆಗಬೇಕು. ಚಾಲಕನನ್ನು ಹೋಟೆಲಿಗೆ ಕರೆಸಿ ಎದುರಿಗೆ ಕೂರಿಸಿಕೊಂಡೇ ಹೇಳಿ: ಟಿಪ್ಸು ಇಷ್ಟು, ಚಿರತೆ ಕಂಡರೂ ಇಷ್ಟೇ, ಕಾಣದಿದ್ದರೂ ಇಷ್ಟೇ. ಫೋನು ಬಂದರೆ ನಮ್ಮನ್ನು ಕೇಳಿ, ಹೂಂ ಎಂದರೆ ಮಾತ್ರ ಹೋಗೋಣ. ನಿಧಾನ ಹೋಗಿ, ನಿಲ್ಲಿಸಿ ಎಂದಾಗ ಎಂಜಿನ್ ಆರಿಸಿ. ಹೆಚ್ಚಿನ ಚಾಲಕರಿಗೆ ಮುರುಕು ಇಂಗ್ಲಿಷ್ ಬರುತ್ತದೆ, ಆದರೂ ‘ಹೆಮಿನ್’ ಎಂದರೆ ನಿಧಾನ, ‘ನವತ್ತನ್ನ’ ಎಂದರೆ ನಿಲ್ಲಿಸಿ, ಇವೆರಡು ಸಿಂಹಳ ಪದ ಗೊತ್ತಿದ್ದರೆ ಸಾಕು, ಕೆಲಸ ಸಲೀಸು. ತನಗಿಂತ ಕಿರಿಯ ಚಾಲಕನನ್ನು ಅಲ್ಲಿನವರು ‘ಮಲ್ಲಿ’ ಅನ್ನುತ್ತಾರೆ, ತಮ್ಮ ಎಂದು, ಹಿರಿಯನಾದರೆ ‘ಅಯ್ಯಾ’. ಟಿಪ್ಸಿನ ಒತ್ತಡ ಹೋದ ಚಾಲಕ ಬೇರೆಯೇ ಮನುಷ್ಯನಾಗುತ್ತಾನೆ. ಕಾಡು ಅವನಿಗೆ ಗೊತ್ತು, ತೋರಿಸುವ ಆಸೆಯೂ ಇದೆ, ಬಿಡುವು ಕೊಡುವವರು ಬೇಕಷ್ಟೆ.

ಎಂಜಿನ್ ಆರಿಸುವುದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಚಿರತೆಯನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ. ನಾಗರಹೊಳೆ ಬಲ್ಲವರಿಗೆ ಈ ಭಾಷೆ ಹೊಸದಲ್ಲ. ಚುಕ್ಕೆ ಜಿಂಕೆ ಬಾಲವೆತ್ತಿ, ಮುಂಗಾಲು ನೆಲಕ್ಕೆ ಬಡಿದು, ಒಂದೇ ದಿಕ್ಕಿಗೆ ಕಣ್ಣು ನೆಟ್ಟು ಚುರುಕಾಗಿ ಕೂಗುತ್ತದೆ. ಮುಸುವ ಮರದ ತುದಿಯಿಂದ ಕೆಮ್ಮಿದಂತೆ ಎಚ್ಚರಿಸುತ್ತದೆ. ಒಂದು ಕೂಗಿಗೆ ಬೆಲೆ ಕೊಡಬೇಡಿ, ಜಿಂಕೆಗಳು ಸುಮ್ಮಸುಮ್ಮನೆ ಬೆದರುತ್ತವೆ. ಎರಡು ಬೇರೆ ಜಾತಿಯ ಪ್ರಾಣಿಗಳು ಒಂದೇ ಕಡೆ ನೋಡಿ ಬಿಡದೆ ಕೂಗಿದರೆ, ಕೂಗು ಮೆಲ್ಲಗೆ ಜಾಗ ಬದಲಿಸುತ್ತ ಹೋದರೆ, ಚಿರತೆ ನಡೆಯುತ್ತಿದೆ ಎಂದರ್ಥ. ಆಗ ಕೂಗಿನ ಬೆನ್ನು ಹತ್ತುವುದಲ್ಲ, ಅದು ಸಾಗುತ್ತಿರುವ ದಿಕ್ಕಿನಲ್ಲಿ ಮುಂದೆ ದಾರಿ ಎಲ್ಲಿ ಅಡ್ಡ ಬರುತ್ತದೆಂದು ಟ್ರ್ಯಾಕರನನ್ನು ಕೇಳಿ, ದಾಟಲು ಧಾರಾಳ ಜಾಗ ಬಿಟ್ಟು ದೂರದಲ್ಲಿ ನಿಲ್ಲುವುದು. ಹತ್ತು ಡೀಸೆಲ್ ಎಂಜಿನ್ನುಗಳ ನಡುವೆ ನಿಂತವರಿಗೆ ಇದೊಂದೂ ಕೇಳಿಸುವುದಿಲ್ಲ, ಅವರಿಗೆ ಫೋನೇ ಗತಿ.

ಯಾಲದ ಚಿರತೆಗೂ ನಮ್ಮದಕ್ಕೂ ನಡತೆಯಲ್ಲಿ ದೊಡ್ಡ ವ್ಯತ್ಯಾಸವಿದೆ, ಇದನ್ನು ತಿಳಿದು ಹೋದರೆ ಎಲ್ಲಿ ನೋಡಬೇಕೆಂಬುದು ಬದಲಾಗುತ್ತದೆ. ನಮ್ಮ ಕಾಡಿನಲ್ಲಿ ಚಿರತೆಗೆ ಹುಲಿಯ ಭಯ, ಸೀಳುನಾಯಿಯ ಕಾಟ. ಬೇಟೆಯನ್ನು ಮರಕ್ಕೆ ಎಳೆಯುತ್ತದೆ, ತಾನೂ ಕೊಂಬೆಯ ಮೇಲೆ ಮಲಗುತ್ತದೆ, ಹಾಗಾಗಿ ಕಬಿನಿಯಲ್ಲಿ ಎಲ್ಲರೂ ಕತ್ತು ಮೇಲೆತ್ತಿ ಹುಡುಕುತ್ತಾರೆ. ಶ್ರೀಲಂಕಾದಲ್ಲಿ ಹುಲಿಯೂ ಇಲ್ಲ, ಸೀಳುನಾಯಿಯೂ ಇಲ್ಲ. ಅಲ್ಲಿ ಚಿರತೆಯೇ ದೊರೆ. ಆ ದ್ವೀಪದ್ದೇ ಆದ ಈ ಉಪಜಾತಿ ಹಾಡಹಗಲೇ ದಾರಿಯ ನಡುವೆ ನಡೆಯುತ್ತದೆ, ಬಯಲಿನಲ್ಲಿ ಕೂರುತ್ತದೆ, ಬೆಳಗಿನ ಮತ್ತು ಸಂಜೆಯ ಹೊತ್ತು ತೆರೆದ ಬಂಡೆಯ ಮೇಲೆ ಮೈಚಾಚುತ್ತದೆ. ಆದ್ದರಿಂದ ಮರಕ್ಕಿಂತ ಹೆಚ್ಚಾಗಿ ಬಂಡೆಯ ಅಂಚು, ಕೆರೆ ಏರಿ, ಮುಂದಿನ ತಿರುವಿನ ಮರಳು ನೋಡಿ. ರಾತ್ರಿಯ ಗಾಳಿ ಸಮ ಮಾಡಿದ ಮರಳಿನ ಮೇಲೆ ಬೆಳಗ್ಗೆ ಹೆಜ್ಜೆ ಸ್ಪಷ್ಟವಾಗಿ ಮೂಡಿರುತ್ತದೆ, ಮೊದಲ ಐದಾರು ಜೀಪು ಅದರ ಮೇಲೆ ಹರಿದುಹೋಗುವ ತನಕ. ಗೇಟಿನಲ್ಲಿ ಮುಂದಿರಬೇಕು ಅನ್ನುವುದು ಈ ಹೆಜ್ಜೆಗಾಗಿ.

ಆನೆಯ ವಿಷಯದಲ್ಲಿ ಕನ್ನಡಿಗರಿಗೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ಶ್ರೀಲಂಕಾದ ಗಂಡಾನೆಗಳಲ್ಲಿ ದಂತವಿರುವುದು ನೂರಕ್ಕೆ ಏಳಕ್ಕಿಂತ ಕಡಿಮೆ, ಹಾಗಾಗಿ ದಂತವಿಲ್ಲದ್ದೆಲ್ಲ ಹೆಣ್ಣು ಎಂದು ಲೆಕ್ಕ ಹಾಕಿದರೆ ತಪ್ಪುತ್ತದೆ. ದಂತವಿರುವ ಅಪರೂಪದ ಆನೆಗಳಿಗೆ ಜನ ಹೆಸರಿಡುತ್ತಾರೆ. ಯಾಲದ ಗೆಮುನು ಹಾಗೆ ಹೆಸರಾದ ಸಲಗ. ಅದರ ಖ್ಯಾತಿ ದಂತಕ್ಕಿಂತ ಸೊಂಡಿಲಿನಿಂದ ಬಂದದ್ದು. ಜೀಪಿನ ಬಳಿ ಬಂದು, ತೆರೆದ ಬದಿಯಿಂದ ಸೊಂಡಿಲು ತೂರಿಸಿ, ಸೀಟಿನ ಕೆಳಗೆಲ್ಲ ತಡಕಾಡಿ ತಿಂಡಿ ಹುಡುಕುತ್ತದೆ. ಪ್ರವಾಸಿಗರು ಹಣ್ಣು ಕೊಟ್ಟು ಕಲಿಸಿದ ಪಾಠ ಇದು. ಬಾಳೆಹಣ್ಣು, ಮಾವಿನಹಣ್ಣಿನಂಥ ವಾಸನೆ ಬಿಡುವುದನ್ನು ಕಾಡಿನೊಳಗೆ ಒಯ್ಯಲೇಬೇಡಿ. ಊಟವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಹಿಂದೆ ಇಡದೆ ಚಾಲಕನ ಮುಚ್ಚಿದ ಕ್ಯಾಬಿನ್ನಿನಲ್ಲಿಡಿ. ಸೊಂಡಿಲು ಒಳಗೆ ಬಂದೇಬಿಟ್ಟರೆ ಕೂಗದೆ, ಫೋಟೊಗೆ ಕೈ ಹಾಕದೆ, ಎದುರು ಬದಿಗೆ ಸರಿದು ಕೂರಿ, ಉಳಿದದ್ದು ಚಾಲಕ ನೋಡಿಕೊಳ್ಳುತ್ತಾನೆ.

ಕರಡಿ ಬೇಕೆಂದರೆ ಜೂನ್, ಜುಲೈ. ಆಗ ಪಾಲು ಮರ ಹಣ್ಣಾಗುತ್ತದೆ. ಸಪೋಟದ ಕುಟುಂಬಕ್ಕೆ ಸೇರಿದ, ಸಣ್ಣ ಹಳದಿ ಹಣ್ಣಿನ ಗಟ್ಟಿ ಮರ ಅದು. ಕರಡಿ ಅದರ ಮೇಲೇರಿ ಹೊಟ್ಟೆಬಿರಿಯ ತಿನ್ನುತ್ತದೆ, ಕೆಳಗೆ ಜೀಪು ನಿಂತರೂ ಗಮನವಿರುವುದಿಲ್ಲ. ಹಂಪಿಯ ಹತ್ತಿರದ ದರೋಜಿಯಲ್ಲಿ ವೀಕ್ಷಣಾ ಗೋಪುರದಿಂದ ದೂರದ ಬಂಡೆಯ ಮೇಲೆ ಕರಡಿ ನೋಡಿದವರಿಗೆ ಈ ಸಮೀಪ ಬೇರೆಯದೇ ಅನುಭವ. ಹಣ್ಣಿನ ಕಾಲ ಮುಗಿದರೆ ಅದೇ ಕರಡಿ ಕಣ್ಣಿಗೆ ಬೀಳುವುದು ಅದೃಷ್ಟವಿದ್ದರೆ ಮಾತ್ರ. ಕಾಡಿನ ಗಿಡಗಳಲ್ಲಿ ನಮ್ಮ ಪರಿಚಯದವು ಬೇಕಷ್ಟಿವೆ: ಹಳದಿ ಹೂವಿನ ತಂಗಡಿ, ಆನೆಗೆ ಇಷ್ಟವಾದ ಬೇಲದ ಹಣ್ಣು.

ಕ್ಯಾಮೆರಾದವರಿಗೆ ಎರಡು ಮಾತು. ಜೀಪಿನಲ್ಲಿ ಟ್ರೈಪಾಡ್ ಇಡಲು ಬರುವುದಿಲ್ಲ. ಖಾಲಿ ಬೀನ್‌ಬ್ಯಾಗ್ ಚೀಲ ಒಯ್ದು, ತಿಸ್ಸದ ಅಂಗಡಿಯಲ್ಲಿ ಎರಡು ಕಿಲೋ ಅಕ್ಕಿ ಕೊಂಡು ತುಂಬಿ, ಬದಿಯ ಕಂಬಿಯ ಮೇಲಿಟ್ಟು ಲೆನ್ಸ್ ಊರಿ. ಕೊನೆಗೆ ಅಕ್ಕಿ ಚಾಲಕನ ಮನೆಗೆ. 100ರಿಂದ 400 ಮಿಲಿಮೀಟರಿನ ಜೂಮ್ ಒಂದಿದ್ದರೆ ಬಹುಪಾಲು ಸಾಲುತ್ತದೆ, ಧೂಳಿನಲ್ಲಿ ಲೆನ್ಸ್ ಬದಲಿಸುವ ಸಾಹಸ ಬೇಡ. ನಡುವೆ ಕ್ಯಾಮೆರಾವನ್ನು ಹಳೆಯ ದಿಂಬಿನ ಚೀಲದೊಳಗಿಡಿ, ಚೈನಿನ ಬ್ಯಾಗಿಗಿಂತ ಬೇಗ ಕೈಗೆ ಸಿಗುತ್ತದೆ. ಎಂಜಿನ್ ಉರಿಯುತ್ತಿದ್ದರೆ ಅದರ ನಡುಕ ಕಂಬಿಯ ಮೂಲಕ ಲೆನ್ಸಿಗೆ ಬರುತ್ತದೆ, ಆಗ ಬೀನ್‌ಬ್ಯಾಗಿಗಿಂತ ಕೈಯೇ ಮೇಲು. ಕಡಲು ಇರುವುದು ಆಗ್ನೇಯಕ್ಕೆ, ಹಾಗಾಗಿ ಬೆಳಗ್ಗೆ ಕಡಲ ಕಡೆ ಮುಖಮಾಡಿದರೆ ಸೂರ್ಯ ಎದುರಿಗೆ. ಬುತ್ತುವ ಕೆರೆ, ಗೊನಲಬ್ಬ ಹಿನ್ನೀರಿನ ಹಕ್ಕಿಗಳನ್ನು ಸಂಜೆಗೆ ಉಳಿಸಿಕೊಳ್ಳಿ.

ಸಸ್ಯಾಹಾರಿಗಳು ಕಟ್ಟಿಸಿಕೊಳ್ಳುವ ತಿಂಡಿಯ ಬಗ್ಗೆ ಎಚ್ಚರ. ಹೋಟೆಲಿನವರು ಸಾಮಾನ್ಯವಾಗಿ ತೆಂಗಿನಹಾಲಿನ ಅನ್ನ, ಕಿರಿಬತ್, ಜೊತೆಗೆ ಲುಣು ಮಿರಿಸ್ ಖಾರ ಅಥವಾ ಕಾಯಿಯ ಸಂಬೋಲ ಕೊಡುತ್ತಾರೆ. ಅನ್ನ ನಿರಪಾಯ, ಆದರೆ ಆ ಎರಡೂ ಖಾರಗಳಲ್ಲಿ ಉಂಬಲಕಡ ಎಂಬ ಒಣಮೀನಿನ ಪುಡಿ ಬೀಳುವುದು ರೂಢಿ. ತರಕಾರಿ ಊಟ ಎಂದು ಹೇಳಿದರೂ ಅಡುಗೆಯವರು ಅದನ್ನು ಮೀನೆಂದು ಲೆಕ್ಕ ಹಿಡಿಯದಿರಬಹುದು. ‘ಉಂಬಲಕಡ ಎಪಾ’ ಎಂದು ಹೆಸರು ಹಿಡಿದೇ ಬೇಡ ಎನ್ನಿ. ತಿಸ್ಸದ ರಸ್ತೆಬದಿಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು ಸಿಗುತ್ತದೆ, ಮೇಲೆ ಕಿತುಲ್ ಪಾಕ, ನಮ್ಮ ಮಲೆನಾಡಿನ ಬೈನೆ ಮರದ್ದೇ ಜೋನಿ ಬೆಲ್ಲ. ಅದನ್ನು ತಪ್ಪಿಸಬೇಡಿ.

ಸಂಜೆ ಐದರ ಮೇಲೆ ಜೀಪುಗಳೆಲ್ಲ ಗೇಟಿನ ಕಡೆ ಧಾವಿಸತೊಡಗುತ್ತವೆ, ಆರು ದಾಟಿದರೆ ಚಾಲಕನಿಗೆ ದಂಡ. ಕೊನೆಯ ಅರ್ಧ ಗಂಟೆಯಲ್ಲಿ ಇನ್ನೊಂದು ಬಂಡೆ ನೋಡೋಣ ಎಂದು ಒತ್ತಾಯಿಸಿದರೆ ಅವನು ಆಮೇಲೆ ವೇಗದಲ್ಲಿ ತೀರಿಸಬೇಕಾಗುತ್ತದೆ. ಐದಕ್ಕೇ ಗೇಟಿನ ದಿಕ್ಕಿಗೆ ತಿರುಗಿ, ದಾರಿಯಲ್ಲಿ ಸಿಗುವ ಕೊನೆಯ ನೀರಿನ ಬಳಿ ನಿಂತರೆ ಬೆಳಕೂ ಉಳಿಯುತ್ತದೆ, ಸಮಯವೂ.

ಜೀಪಿನ ಗದ್ದಲವೇ ಬೇಡ ಎನ್ನುವವರಿಗೆ ದ್ವೀಪದಲ್ಲಿ ಬೇರೆ ಕಾಡುಗಳಿವೆ. ಆನೆಗಾಗಿ ಉಡವಲವೆ, ವರ್ಷವಿಡೀ. ಹಕ್ಕಿಗಾಗಿ ಪಕ್ಕದ ಬುಂದಲ, ಶ್ರೀಲಂಕಾದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಚಿರತೆಯನ್ನು ಸಾವಧಾನದಲ್ಲಿ ಹುಡುಕುವ ತಾಳ್ಮೆಯಿದ್ದರೆ ವಾಯವ್ಯದ ವಿಲ್ಪಟ್ಟು. ಯುದ್ಧ ಮುಗಿದ ಮೇಲೆ 2010ರಲ್ಲಿ ಮತ್ತೆ ತೆರೆದ ಈ ಕಾಡು ಯಾಲಕ್ಕಿಂತ ದೊಡ್ಡದು, ಮರ ದಟ್ಟ, ಚಿರತೆ ಕಾಣುವ ಸಾಧ್ಯತೆ ಕಡಿಮೆ. ಕಂಡಾಗ ಮಾತ್ರ ಸುತ್ತ ನಲವತ್ತು ಜೀಪು ಇರುವುದಿಲ್ಲ.

ಯಾಲ ಮುಗಿಸಿ ಮರುದಿನ ‘ಎಲ್ಲ’ ಎಂಬ ಬೆಟ್ಟದೂರಿಗೆ ಹೊರಡುವವರು ಕತರಗಾಮ–ಬುತ್ತಲ ರಸ್ತೆ ಹತ್ತಿರವೆಂದು ಹಿಡಿಯುತ್ತಾರೆ. ಹಣ್ಣಿನ ರುಚಿ ಹತ್ತಿದ ಆನೆಗಳು ಆ ರಸ್ತೆಯಲ್ಲಿ ಗಾಡಿ ಅಡ್ಡಗಟ್ಟುತ್ತವೆ. ಮುಂದಿನ ಕಾರಿನವರು ಕಿಟಕಿಯಿಂದ ಬಾಳೆಹಣ್ಣು ಎಸೆದು ಪಾರಾಗುವುದನ್ನು ನೋಡಿ ನೀವೂ ಹಾಗೆ ಮಾಡಬೇಡಿ. ಗಾಜು ಏರಿಸಿ, ದೂರದಲ್ಲೇ ನಿಂತು, ಬಸ್ಸೋ ಲಾರಿಯೋ ಬಂದರೆ ಅದರ ಹಿಂದೆ ಹೋಗಿ. ಸಣ್ಣ ಕಾರಿನಲ್ಲಿ ಮಕ್ಕಳಿದ್ದರೆ ತನಮಲ್‌ವಿಲ, ವೆಲ್ಲವಾಯದ ಮೇಲಿನ ದಾರಿ ಹಿಡಿಯುವುದು ಒಳ್ಳೆಯದು.